ಬಳ್ಳಾರಿಯ ಬಿಸಿಲಲ್ಲಿ ಎರಡೂವರೆ ವರ್ಷ: ರೇಡಿಯಾನ್ ಆರ್‌ಎಕ್ಸ್ 6600

ಆಟಗಳ ಚಿತ್ರ ಮೂಡಿಸುವ ಈ ಗ್ರಾಫಿಕ್ಸ್ ಕಾರ್ಡನ್ನು ನಾನು ತಂದಿದ್ದು 2023ರ ಜೂನ್‌ನಲ್ಲಿ. ಅಲ್ಲಿಂದ ಇಲ್ಲಿಗೆ ಎರಡೂವರೆ ವರ್ಷ. ಬಳ್ಳಾರಿಯ ಎರಡು ಬೇಸಿಗೆ ದಾಟಿದೆ. ದಿನಕ್ಕೆ ಎರಡು-ಮೂರು ತಾಸು ಆಡುತ್ತೇವೆ, ಭಾನುವಾರ ಇನ್ನೂ ಜಾಸ್ತಿ. ಡಬ್ಬಿ ತೆರೆದ ವಾರದಲ್ಲೇ ಬರೆದ ವಿಮರ್ಶೆ ಬೇಕಾದಷ್ಟು ಸಿಗುತ್ತವೆ. ಬಿಸಿಲು, ಧೂಳು, ಕರೆಂಟ್ ಬಿಲ್ಲು, ವಾರಂಟಿ ಇದನ್ನೆಲ್ಲ ಕಂಡ ಮೇಲೆ ಬರೆದದ್ದು ಕಡಿಮೆ. ಹಾಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ನನ್ನ ಕಂಪ್ಯೂಟರ್ ಬಗ್ಗೆ ಹೇಳಬೇಕು. ಕಾರ್ಡು ಯಾವುದು ಅನ್ನೋದನ್ನು ಅದೇ ತೀರ್ಮಾನ ಮಾಡಿತು. ರೈಜನ್ 5 3600 ಪ್ರೊಸೆಸರ್, ಬಿ450 ಮದರ್‌ಬೋರ್ಡ್, 16 ಜಿಬಿ ರ‍್ಯಾಮ್, 450 ವ್ಯಾಟಿನ ಎಸ್‌ಎಂಪಿಎಸ್ (ಕಂಪ್ಯೂಟರಿನ ಭಾಗಗಳಿಗೆ ಕರೆಂಟ್ ಕೊಡುವ ಪೆಟ್ಟಿಗೆ). ಮಾನಿಟರ್ 24 ಇಂಚಿನದು, 1080ಪಿ, 75 ಹರ್ಟ್ಸ್. ಕರೆಂಟ್ ಹೋದಾಗ ಸೇವ್ ಮಾಡಿ ಆಫ್ ಮಾಡೋಕೆ 600 ವಿಎ ಯುಪಿಎಸ್.

ಇದಕ್ಕೂ ಮೊದಲು ಏಳು ಸಾವಿರ ಕೊಟ್ಟು ಹಳೆಯ ಆರ್‌ಎಕ್ಸ್ 580 ಒಂದನ್ನು ತಂದಿದ್ದೆ. 2022ರ ಸೆಪ್ಟೆಂಬರ್ 15ಕ್ಕೆ ಎಥೀರಿಯಂ ಮೈನಿಂಗ್, ಅಂದರೆ ಗ್ರಾಫಿಕ್ಸ್ ಕಾರ್ಡು ದುಡಿಸಿ ಕ್ರಿಪ್ಟೋ ಹಣ ಗಳಿಸುವುದು, ನಿಂತಿತು. ರಾತ್ರಿ ಹಗಲು ದುಡಿದ ಕಾರ್ಡುಗಳೆಲ್ಲ ಸೆಕೆಂಡ್‌ಹ್ಯಾಂಡ್ ಮಾರುಕಟ್ಟೆಗೆ ಬಂದವು. ನನಗೆ ಸಿಕ್ಕಿದ್ದೂ ಅಂಥದ್ದೇ. ಮಾರಿದವರು 580 ಅಂದರು, ಸ್ಟಿಕ್ಕರಿನಲ್ಲೂ 580 ಅಂತಲೇ ಇತ್ತು. ಮನೆಗೆ ತಂದು, ಕಾರ್ಡಿನ ವಿವರ ತೋರಿಸುವ ಜಿಪಿಯು-ಝಡ್ ಸಾಫ್ಟ್‌ವೇರ್ ಹಾಕಿ ನೋಡಿದರೆ ಶೇಡರ್ (ಚಿತ್ರದ ಲೆಕ್ಕ ಮಾಡುವ ಸಣ್ಣ ಕೋರು) ಸಂಖ್ಯೆ 2048. ಸರಿಯಾದ 580ಯಲ್ಲಿ 2304 ಇರಬೇಕು. ಇದು 570ಕ್ಕೆ ಸಮನಾದ ಬೇರೆ ಕಾರ್ಡು. ಎರಡು ತಿಂಗಳಿಗೆ ಪರದೆ ಮೇಲೆ ಬಣ್ಣಬಣ್ಣದ ಚೌಕಗಳು ಬರಲು ಶುರುವಾದವು, ಆಮೇಲೆ ಕಾರ್ಡು ಆನ್ ಆಗಲೇ ಇಲ್ಲ. ಬಿಲ್ಲೂ ಇರಲಿಲ್ಲ, ಕೇಳಲು ದಾರಿಯೂ ಇರಲಿಲ್ಲ. ಹಳೆಯ ಕಾರ್ಡು ಕೊಳ್ಳಲೇಬೇಡಿ ಅಂತ ನಾನು ಹೇಳುವುದಿಲ್ಲ. ಆದರೆ ಮಾರುವವರ ಮನೆಯಲ್ಲೇ ಅರ್ಧ ಗಂಟೆ ಆಟ ಓಡಿಸಿ, ಜಿಪಿಯು-ಝಡ್ ನೋಡಿ, ಆಮೇಲೆ ದುಡ್ಡು ಕೊಡಿ.

ಮುಂದಿನ ಸಲ ಹೊಸದನ್ನೇ ತರಬೇಕು ಅಂತ ಗಟ್ಟಿ ಮಾಡಿಕೊಂಡೆ. ತಮ್ಮನೂ ನಾನೂ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಬೆಳಿಗ್ಗೆ ಬೆಂಗಳೂರಲ್ಲಿ ಇಳಿದೆವು. ಮೆಜೆಸ್ಟಿಕ್‌ನಿಂದ ಚಿಕ್ಕಪೇಟೆಗೆ ಮೆಟ್ರೋದಲ್ಲಿ ಒಂದೇ ಸ್ಟಾಪ್. ಅಲ್ಲಿಂದ ನಡೆದು ಕಂಪ್ಯೂಟರ್ ಅಂಗಡಿಗಳ ಎಸ್‌ಪಿ ರೋಡ್. ಕೈಯಲ್ಲಿದ್ದದ್ದು ಇಪ್ಪತ್ತೆರಡು ಸಾವಿರ.

ಮೊದಲನೇ ಅಂಗಡಿಯಲ್ಲಿ ಆರ್‌ಎಕ್ಸ್ 6500 ಎಕ್ಸ್‌ಟಿ ತೋರಿಸಿದರು. ಐದಾರು ಸಾವಿರ ಉಳಿಯುತ್ತಿತ್ತು. ಆದರೆ ಅದಕ್ಕಿರುವುದು 4 ಜಿಬಿ ಮೆಮೊರಿ, ಪಿಸಿಐ ಎಕ್ಸ್‌ಪ್ರೆಸ್ ಲೇನು (ಬೋರ್ಡಿಗೂ ಕಾರ್ಡಿಗೂ ಮಧ್ಯೆ ಡೇಟಾ ಓಡಾಡುವ ದಾರಿ) ನಾಲ್ಕೇ ನಾಲ್ಕು. ನನ್ನ ಬಿ450 ಬೋರ್ಡಿನಂಥ ಮೂರನೇ ತಲೆಮಾರಿನ ಸ್ಲಾಟಿಗೆ ಹಾಕಿದರೆ ಅದರ ವೇಗ ಇನ್ನೂ ಕುಸಿಯುತ್ತದೆ. ವಿಡಿಯೋ ಎನ್‌ಕೋಡರ್ ಕೂಡ ಇಲ್ಲ, ಅಂದರೆ ಆಟ ರೆಕಾರ್ಡ್ ಮಾಡುವ ಭಾರವೆಲ್ಲ ಪ್ರೊಸೆಸರ್ ಮೇಲೆ. ಎರಡನೇ ಅಂಗಡಿಯವರು ಒಳ್ಳೆಯ ಮನಸ್ಸಿನಿಂದಲೇ "ಸರ್, ಇದೇ ದುಡ್ಡಿಗೆ ಸೆಕೆಂಡ್‌ಹ್ಯಾಂಡ್ 5700 ಎಕ್ಸ್‌ಟಿ ಕೊಡ್ತೀನಿ, ಪವರ್ ಜಾಸ್ತಿ" ಅಂದರು. ವೇಗದ ವಿಷಯದಲ್ಲಿ ಅವರು ಹೇಳಿದ್ದು ನಿಜ. ಆದರೆ ಅದು 225 ವ್ಯಾಟ್ ಎಳೆಯುತ್ತದೆ. 600 ವ್ಯಾಟಿನ ಎಸ್‌ಎಂಪಿಎಸ್ ಇರಲಿ ಅನ್ನುತ್ತದೆ ರೇಡಿಯಾನ್ ಚಿಪ್ ಮಾಡುವ ಎಎಂಡಿ. ಎಸ್‌ಎಂಪಿಎಸ್ ಬದಲಿಸಬೇಕು, ಅಷ್ಟು ವ್ಯಾಟಿಗೆ ಯುಪಿಎಸ್‌ ಕೂಡ ಸಾಲದು. ಕಾರ್ಡಿಗೆ ಉಳಿಸಿದ ದುಡ್ಡು ಅಲ್ಲಿಗೆ ಹೋಗುತ್ತಿತ್ತು.

ಆರ್‌ಎಕ್ಸ್ 6600 ಬಂದಿದ್ದು 2021ರ ಅಕ್ಟೋಬರ್‌ನಲ್ಲಿ. 8 ಜಿಬಿ ಮೆಮೊರಿ, 132 ವ್ಯಾಟ್, ಒಂದೇ ಒಂದು 8 ಪಿನ್ ಕನೆಕ್ಟರ್. 450 ವ್ಯಾಟಿನ ಎಸ್‌ಎಂಪಿಎಸ್ ಸಾಕು ಅಂತ ಎಎಂಡಿಯೇ ಹೇಳುತ್ತದೆ. ಲೇನುಗಳು ಎಂಟು, ಹಾಗಾಗಿ ಹಳೆಯ ಬೋರ್ಡಿನಲ್ಲೂ ನಷ್ಟ ತೀರಾ ಕಡಿಮೆ. ಇಪ್ಪತ್ತೊಂದೂವರೆ ಸಾವಿರ ಕೊಟ್ಟು ಜಿಎಸ್‌ಟಿ ಬಿಲ್ಲಿನ ಸಮೇತ ತಂದೆ. ಮನೆಯಲ್ಲಿ ಬೇರೆ ಒಂದು ತಂತಿಯನ್ನೂ ಬದಲಿಸಬೇಕಾಗಲಿಲ್ಲ. ಬಜೆಟ್ ಕಾರ್ಡು ಅಂದರೆ ನನ್ನ ಲೆಕ್ಕದಲ್ಲಿ ಇದೇ. ಅದರ ಹಿಂದೆ ಇನ್ನೊಂದು ಖರ್ಚು ಬರಬಾರದು.

ಆಟದ ವಿಷಯಕ್ಕೆ ಬರುತ್ತೇನೆ. ವ್ಯಾಲರಂಟ್, ಜಿಟಿಎ 5 ಇವೆಲ್ಲ ಇದಕ್ಕೆ ಲೆಕ್ಕಕ್ಕೇ ಇಲ್ಲ. ಫೋರ್ಜಾ ಹೊರೈಜನ್ 5 ಹೈ ಸೆಟ್ಟಿಂಗ್‌ನಲ್ಲಿ ನನ್ನ ಮಾನಿಟರ್ ಸೆಕೆಂಡಿಗೆ ತೋರಿಸುವ 75 ಫ್ರೇಮ್ (ಚಿತ್ರ) ದಾಟಿ ಓಡುತ್ತದೆ. ಎಲ್ಡನ್ ರಿಂಗ್ 60ಕ್ಕೆ ಕಟ್ಟಿಹಾಕಿದ ಆಟ, ಅಲ್ಲಿ ಬಹುತೇಕ 60ರಲ್ಲೇ ನಿಲ್ಲುತ್ತದೆ. ರೆಡ್ ಡೆಡ್ ರಿಡೆಂಪ್ಷನ್ 2 ಪೂರ್ತಿ ಮುಗಿಸಿದೆ. ಹೈ ಮತ್ತು ಮೀಡಿಯಂ ಬೆರೆಸಿದರೆ 70ರ ಆಸುಪಾಸು ಸಿಗುತ್ತಿತ್ತು. ಆ ಆಟದಲ್ಲಿ ಹಿಮದ ಮೇಲೆ ಬೀಳುವ ಬೆಳಗಿನ ಬೆಳಕು ನೋಡಿ ಅಮ್ಮ ಕೂಡ ಬಾಗಿಲಲ್ಲಿ ಒಂದು ನಿಮಿಷ ನಿಂತಿದ್ದರು.

ಸೈಬರ್‌ಪಂಕ್ 2077ರಲ್ಲಿ ರೇ ಟ್ರೇಸಿಂಗ್ (ಬೆಳಕು, ನೆರಳು, ಪ್ರತಿಬಿಂಬವನ್ನು ನಿಜದಂತೆ ಲೆಕ್ಕ ಹಾಕುವ ವಿಧಾನ) ಹಾಕಿದರೆ 25 ಫ್ರೇಮ್ ಕೂಡ ಬರುವುದಿಲ್ಲ. ತೆಗೆದರೆ 60 ಆರಾಮ. ರೇ ಟ್ರೇಸಿಂಗ್‌ಗೋಸ್ಕರ ಈ ಕಾರ್ಡು ಕೊಳ್ಳಬೇಡಿ. ಆದರೆ ಆ ಯಂತ್ರಾಂಶ ಕಾರ್ಡಿನ ಒಳಗೆ ಇರುವುದೇ ಮುಂದೆ ನನಗೆ ಉಪಯೋಗಕ್ಕೆ ಬಂತು. 2024ರ ಡಿಸೆಂಬರ್‌ನಲ್ಲಿ ಬಂದ ಇಂಡಿಯಾನಾ ಜೋನ್ಸ್ ಆಟಕ್ಕೆ ರೇ ಟ್ರೇಸಿಂಗ್ ಇರುವ ಕಾರ್ಡೇ ಬೇಕು. ಅದರ ಕನಿಷ್ಠ ಪಟ್ಟಿಯಲ್ಲಿ 6600 ಇದೆ. ಅಂಗಡಿಯವರು ತೋರಿಸಿದ 5700 ಎಕ್ಸ್‌ಟಿಯಲ್ಲಿ ಆ ಯಂತ್ರಾಂಶ ಇಲ್ಲ. ಅವತ್ತು ನನಗೆ ಇಷ್ಟು ದೂರದ ಯೋಚನೆ ಇರಲಿಲ್ಲ, ವ್ಯಾಟು ನೋಡಿ ಬಿಟ್ಟಿದ್ದೆ ಅಷ್ಟೇ.

ಈಗ ಬಿಸಿಲು. ನಮ್ಮ ಕೋಣೆ ತಾರಸಿಯ ಕೆಳಗೇ ಇದೆ. ಮೇ ತಿಂಗಳಲ್ಲಿ ಹೊರಗೆ 40 ದಾಟಿದಾಗ ಒಳಗೆ ಮಧ್ಯಾಹ್ನ 36, 37 ಇರುತ್ತದೆ. ಆಗ ಕಾರ್ಡಿನ ಉಷ್ಣ 78ಕ್ಕೆ ಹೋಗುತ್ತಿತ್ತು, ಹಾಟ್‌ಸ್ಪಾಟ್, ಅಂದರೆ ಚಿಪ್ಪಿನ ಅತಿ ಬಿಸಿ ಜಾಗ, 90ರ ಮೇಲೆ. ಅಪಾಯ ಅಂತಲ್ಲ, ಆದರೆ ಫ್ಯಾನಿನ ಸದ್ದು ಜೋರು, ಕೋಣೆಯೂ ಇನ್ನಷ್ಟು ಕಾಯುತ್ತದೆ. ಎರಡು ಕೆಲಸ ಮಾಡಿದೆ. ಎಎಂಡಿಯ ಅಡ್ರಿನಲಿನ್ ಸಾಫ್ಟ್‌ವೇರ್‌ನಲ್ಲಿ ವೋಲ್ಟೇಜನ್ನು 1150 ಮಿಲಿವೋಲ್ಟ್‌ನಿಂದ 1080ಕ್ಕೆ ಇಳಿಸಿದೆ. ಫ್ರೇಮಿಗೆ ಮಿತಿ ಹಾಕುವ ರೇಡಿಯಾನ್ ಚಿಲ್ ಆನ್ ಮಾಡಿ, ಮೇಲಿನ ಮತ್ತು ಕೆಳಗಿನ ಮಿತಿ ಎರಡನ್ನೂ 60ಕ್ಕೆ ಇಟ್ಟೆ. ಉಷ್ಣ ಹತ್ತು ಡಿಗ್ರಿ ಇಳಿಯಿತು. ಆಟದಲ್ಲಿ ವ್ಯತ್ಯಾಸ ನನ್ನ ಕಣ್ಣಿಗೆ ಕಾಣಲಿಲ್ಲ. ನಿಮ್ಮ ಕಾರ್ಡಿಗೆ 1080 ಆಗದೇ ಇರಬಹುದು, ಹತ್ತು ಹತ್ತಾಗಿ ಇಳಿಸುತ್ತಾ ಪ್ರತಿ ಸಲ ಆಡಿ ನೋಡಿ.

ಧೂಳು ಇನ್ನೊಂದು ಕಥೆ. ನಮ್ಮೂರಿನ ಕೆಂಪು ಧೂಳು ಎರಡೇ ತಿಂಗಳಲ್ಲಿ ಹೀಟ್‌ಸಿಂಕ್ ಸಂದಿಯಲ್ಲಿ ಕೂತುಬಿಡುತ್ತದೆ. ಬ್ಲೋವರ್ ಹಿಡಿಯುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿಂದ ಒತ್ತಿ ಹಿಡಿದುಕೊಳ್ಳಿ. ಗಾಳಿಗೆ ಅದು ತಾನೇ ಜೋರಾಗಿ ತಿರುಗಿದರೆ ಬೇರಿಂಗ್ ಹಾಳಾಗುತ್ತದೆ.

ಕರೆಂಟಿನ ಲೆಕ್ಕ ಯಾರೂ ಹೇಳುವುದಿಲ್ಲ. 5700 ಎಕ್ಸ್‌ಟಿಯ 225 ವ್ಯಾಟಿಗೂ ಇದರ 132 ವ್ಯಾಟಿಗೂ 93 ವ್ಯಾಟ್ ವ್ಯತ್ಯಾಸ. ದಿನಕ್ಕೆ ಮೂರು ತಾಸು ಅಂದರೆ ತಿಂಗಳಿಗೆ ಎಂಟು ಯೂನಿಟ್ ಮೇಲೆ. ಸಣ್ಣದು ಅನಿಸುತ್ತದೆ, ಅಲ್ವಾ? ಆದರೆ ನಮ್ಮದು ಗೃಹಜ್ಯೋತಿ ಇರುವ ಮನೆ. ಬೇಸಿಗೆಯಲ್ಲಿ ಕೂಲರು, ಫ್ರಿಡ್ಜ್ ಸೇರಿ 190ರ ಹತ್ತಿರ ಹೋಗುತ್ತದೆ. 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು ಕಟ್ಟಬೇಕು. ಆ ಎಂಟು ಯೂನಿಟ್ ಎಲ್ಲಿ ಬಂದು ನಿಲ್ಲುತ್ತದೆ ಅನ್ನೋದು ಮುಖ್ಯ. ಅಪ್ಪ ಪ್ರತಿ ತಿಂಗಳು ಮೀಟರ್ ನೋಡುತ್ತಾರೆ. ಕಂಪ್ಯೂಟರಿನ ಮೇಲೆ ಇದುವರೆಗೆ ಮಾತು ಬಂದಿಲ್ಲ.

ತೊಂದರೆ ಬಂದಿದ್ದು ಹದಿನಾಲ್ಕನೇ ತಿಂಗಳಲ್ಲಿ. ಎರಡು ಫ್ಯಾನಿನಲ್ಲಿ ಒಂದು ಟಿಕ್ ಟಿಕ್ ಅನ್ನಲು ಶುರುವಾಯಿತು, ವಾರದಲ್ಲಿ ನಿಂತೇಹೋಯಿತು. ಚಿಪ್ಪಿಗೂ ಇದಕ್ಕೂ ಸಂಬಂಧವಿಲ್ಲ. ಫ್ಯಾನು, ಹೀಟ್‌ಸಿಂಕ್ ಹಾಕಿ ಕಾರ್ಡು ತಯಾರಿಸುವ ಕಂಪನಿಯೇ ಬೇರೆ. ಮೂರು ವರ್ಷದ ವಾರಂಟಿ ಇತ್ತು, ಆದರೆ ಸರ್ವಿಸ್ ಸೆಂಟರ್ ನಮ್ಮೂರಲ್ಲಿ ಇಲ್ಲ. ಬೆಂಗಳೂರಿಗೆ ಕೊರಿಯರ್ ಮಾಡಿದೆ. ವಾಪಸ್ ಬರಲು 38 ದಿನ. ಇಲ್ಲೊಂದು ವಿಷಯ ಗಮನದಲ್ಲಿ ಇಡಿ. ರೈಜನ್ 5 3600ರ ಒಳಗೆ ಗ್ರಾಫಿಕ್ಸ್ ಇಲ್ಲ. ಕಾರ್ಡು ಹೋಯಿತು ಅಂದರೆ ಪರದೆ ಕಪ್ಪು. ತಮ್ಮನ ಕಾಲೇಜಿನ ಪ್ರಾಜೆಕ್ಟ್ ನಡೆಯುತ್ತಿದ್ದ ಸಮಯ ಅದು. ಗೆಳೆಯನ ಹಳೆಯ ಜಿಟಿ 710 ಕಾರ್ಡು ಇಸ್ಕೊಂಡು ಬಂದು ಆ ತಿಂಗಳು ದೂಡಿದೆವು. ಡಬ್ಬಿ, ಬಿಲ್ಲು, ಸೀರಿಯಲ್ ನಂಬರಿನ ಫೋಟೋ ಇದ್ದುದರಿಂದ ವಾದ ಮಾಡಬೇಕಾಗಲಿಲ್ಲ. ನಿಮ್ಮದೂ ಇಂಥ ಪ್ರೊಸೆಸರ್ ಆಗಿದ್ದರೆ ಒಂದು ಹಳೆಯ ಕಾರ್ಡು ಮನೆಯಲ್ಲಿ ಇರಲಿ.

ತಮ್ಮನಿಗೆ ಈ ಕಾರ್ಡಿನ ಮೇಲೆ ಒಂದು ಬೇಸರ ಇದೆ. ಅವನು 3ಡಿ ಚಿತ್ರ ಮಾಡುವ ಬ್ಲೆಂಡರ್ ಸಾಫ್ಟ್‌ವೇರ್ ಕಲಿಯುತ್ತಿದ್ದಾನೆ. ಇದರಲ್ಲಿ ರೆಂಡರ್ ಆಗುತ್ತದೆ, ಆದರೆ ಎನ್ವಿಡಿಯಾ ಕಾರ್ಡುಗಳಷ್ಟು ಬೇಗ ಅಲ್ಲ. ಸಣ್ಣ ಚಿತ್ರವನ್ನು ದೊಡ್ಡದು ಮಾಡಿ ಫ್ರೇಮ್ ಹೆಚ್ಚಿಸುವ ಡಿಎಲ್‌ಎಸ್‌ಎಸ್ ಕೂಡ ಎನ್ವಿಡಿಯಾದ ಆರ್‌ಟಿಎಕ್ಸ್ ಕಾರ್ಡುಗಳಿಗೆ ಮಾತ್ರ. ಅದೇ ಕೆಲಸಕ್ಕೆ ನಮಗಿರುವ ಎಎಂಡಿಯ ಎಫ್‌ಎಸ್‌ಆರ್ 2 ಹಾಕಿದರೆ 1080ಪಿಯಲ್ಲಿ ಮರದ ಎಲೆ, ತಂತಿ ಬೇಲಿ ಮಿನುಗುತ್ತವೆ. ಎಡಿಟಿಂಗ್, ರೆಂಡರಿಂಗ್ ನಿಮ್ಮ ಮುಖ್ಯ ಕೆಲಸವಾದರೆ ಎನ್ವಿಡಿಯಾ ಕಡೆಗೇ ಹೋಗಿ. ಹೋಗುವಾಗ ಹೆಸರು ನೋಡಿ ಮೋಸ ಹೋಗಬೇಡಿ. ಆರ್‌ಟಿಎಕ್ಸ್ 3050 ಅಂತ 8 ಜಿಬಿಯದೂ ಇದೆ, 6 ಜಿಬಿಯದೂ ಇದೆ. 6 ಜಿಬಿಯದರಲ್ಲಿ ಕೋರೂ ಕಡಿಮೆ, ಮೆಮೊರಿ ದಾರಿಯೂ ಕಿರಿದು. ಅದು 70 ವ್ಯಾಟಿನದು, ಬೇರೆ ಕನೆಕ್ಟರ್ ಬೇಡ, ಹಳೆಯ ಆಫೀಸ್ ಕಂಪ್ಯೂಟರಿಗೆ ತುಂಬಾ ಚೆನ್ನ. ಹೊಸದಾಗಿ ಜೋಡಿಸುವವರಿಗೆ ಅಲ್ಲ.

ಇವತ್ತು ಹೊಸದಾಗಿ ಕಟ್ಟುವುದಾದರೆ ನಾನು 6600 ತರುತ್ತೇನಾ? ಕಡಿಮೆ ಬೆಲೆಗೆ ಸಿಕ್ಕರೆ, 1080ಪಿ ಮಾನಿಟರಿಗೆ, ತರುತ್ತೇನೆ. 8 ಜಿಬಿ ಈಗಾಗಲೇ ಬಿಗಿಯಾಗುತ್ತಿದೆ. ಹೊಸ ಆಟಗಳಲ್ಲಿ ಟೆಕ್ಸ್ಚರ್ ಅಲ್ಟ್ರಾದಿಂದ ಹೈಗೆ ಇಳಿಸುವುದು ರೂಢಿಯಾಗಿಬಿಟ್ಟಿದೆ. ಇಂಟೆಲ್ ಆರ್ಕ್ ಬಿ580ಗೆ 12 ಜಿಬಿ ಇದೆ, ಆಸೆ ಹುಟ್ಟಿಸುತ್ತದೆ. ಆದರೆ ರೀಸೈಜಬಲ್ ಬಾರ್ (ಕಾರ್ಡಿನ ಪೂರ್ತಿ ಮೆಮೊರಿಯನ್ನು ಪ್ರೊಸೆಸರ್ ಒಟ್ಟಿಗೇ ಬಳಸಲು ಬಿಡುವ ಸೌಲಭ್ಯ) ಇಲ್ಲದ ಬೋರ್ಡಿನಲ್ಲಿ ಅದು ತೀರಾ ಹಿಂದೆ ಬೀಳುತ್ತದೆ. ನನ್ನ 3600ರಂಥ ಪ್ರೊಸೆಸರ್ ಜತೆ ಪೂರ್ತಿ ಓಟ ತೋರಿಸುವುದೂ ಇಲ್ಲ, ಮೇಲಾಗಿ 190 ವ್ಯಾಟ್. ಹೊಸ ಪ್ರೊಸೆಸರ್ ಇರುವವರು ಅದನ್ನು ಖಂಡಿತ ನೋಡಬೇಕು.

ನಾನು ಮುಂದಿನ ವರ್ಷ ಮೊದಲು ಪ್ರೊಸೆಸರ್ ಬದಲಿಸುತ್ತೇನೆ, ಕಾರ್ಡು ಆಮೇಲೆ. ಈ 6600 ತಮ್ಮನ ಗೆಳೆಯನಿಗೆ ಹೋಗುತ್ತದೆ ಅಂತ ಈಗಲೇ ಮಾತಾಗಿದೆ. ಅವನ ಎಸ್‌ಎಂಪಿಎಸ್ ಕೂಡ 450 ವ್ಯಾಟಿನದೇ.