650 ರೂಪಾಯಿಯ ಕ್ಲಿಪ್ ಲೆನ್ಸು, ಎರಡು ಊರಿನ ಹೆಜ್ಜೇನು

ಚಿತ್ರದುರ್ಗದ ಜೋಗಿಮಟ್ಟಿ ರಸ್ತೆಯಲ್ಲಿ ನನ್ನದು ಬ್ಲೌಸ್ ಹೊಲಿಯುವ ಚಿಕ್ಕ ಅಂಗಡಿ. ಆರಿ ವರ್ಕ್ ಮಾಡಿದ ತೋಳಿನ ಫೋಟೋ ಗಿರಾಕಿಗಳಿಗೆ ಕಳಿಸಬೇಕಾಗುತ್ತದೆ. ಫೋನಿನಲ್ಲಿ ಹತ್ತಿರದಿಂದ ತೆಗೆದರೆ ಮಣಿಗಳೆಲ್ಲ ಮಸುಕು. ಅದಕ್ಕೆಂದೇ ಹೋದ ವರ್ಷ ಇಲ್ಲಿನ ಒಂದು ಮೊಬೈಲ್ ಅಂಗಡಿಯಲ್ಲಿ ಈ ಮ್ಯಾಕ್ರೋ ಲೆನ್ಸ್ ತಗೊಂಡೆ. ಬೆಲೆ 650 ರೂಪಾಯಿ. ಬಟ್ಟೆ ಒಣಗಿಸುವ ಕ್ಲಿಪ್ಪಿನ ಹಾಗೆ ಫೋನಿನ ಕ್ಯಾಮೆರಾ ಮೇಲೆ ಕಚ್ಚಿಸುವುದು. ಮೇಲೆ 15 ಎಕ್ಸ್ ಎಂದಿದೆ, ಕಂಪನಿ ಹೆಸರಿಲ್ಲ.

ಮೊದಲು ಕೊಟ್ಟ ಲೆನ್ಸಿನ ಗಾಜಿನಲ್ಲಿ ಗೀರು ಇತ್ತು. ಬದಲಾಯಿಸಿಕೊಳ್ಳಲು ಮೂರು ಸಲ ಓಡಾಡಬೇಕಾಯಿತು. ತಗೊಳ್ಳುವಾಗ ಅಂಗಡಿಯಲ್ಲೇ ಫೋನಿಗೆ ಹಾಕಿ, ಬಿಳಿ ಹಾಳೆಯ ಫೋಟೋ ತೆಗೆದು ನೋಡಿ. ಗೀರು ಇದ್ದರೆ ಅಲ್ಲೇ ಗೊತ್ತಾಗುತ್ತದೆ.

ಮಣಿ ಕೆಲಸಕ್ಕೆ ಲೆನ್ಸು ಚೆನ್ನಾಗಿದೆ, ಅದರಲ್ಲಿ ಮಾತಿಲ್ಲ. ಆದರೆ ನಾನು ಬರೆಯಲು ಕೂತಿದ್ದು ಜೇನುಹುಳದ ವಿಷಯಕ್ಕೆ.

ನಮ್ಮ ಬೀದಿಯ ನೀರಿನ ಟ್ಯಾಂಕಿಗೆ ಪ್ರತಿ ವರ್ಷ ಹೆಜ್ಜೇನು ಕಟ್ಟುತ್ತದೆ. ಕೋಟೆಯ ಬಂಡೆಗಳಲ್ಲೂ ನೋಡಿರುತ್ತೀರಿ ಅಲ್ವಾ. ರಾತ್ರಿ ಹೊತ್ತು ಅವು ದೀಪಕ್ಕೆ ಬಂದು ಬಡಿದುಕೊಳ್ಳುತ್ತವೆ. ಬೆಳಿಗ್ಗೆ ಕಸ ಗುಡಿಸುವಾಗ ಅಂಗಡಿ ಮುಂದೆ ಎರಡೋ ಮೂರೋ ಸತ್ತು ಬಿದ್ದಿರುತ್ತವೆ. ಒಂದು ದಿನ ಸುಮ್ನೆ ಒಂದನ್ನು ಎತ್ತಿ ಅಳತೆ ಟೇಪಿನ ಮೇಲೆ ಇಟ್ಟು ಲೆನ್ಸ್ ಹಿಡಿದೆ. ಒಂದೂಮುಕ್ಕಾಲು ಸೆಂಟಿಮೀಟರ್ ಇತ್ತು. ಹೊಟ್ಟೆಯ ಮೊದಲ ಭಾಗ ಕೇಸರಿ ಕಂದು, ಹಿಂದಕ್ಕೆ ಹೋದಂತೆ ಕಪ್ಪು. ರೆಕ್ಕೆಗೆ ಹೊಗೆ ಹಿಡಿದಂಥ ಬಣ್ಣ. ಎದೆಯ ಮೇಲೆ ನಿಂತ ಉದ್ದ ಕೂದಲು ಹೆಚ್ಚಾಗಿ ಕಪ್ಪೇ. ಇಷ್ಟು ವರ್ಷ ಹೆಜ್ಜೇನು ಅಂದರೆ ಓಡಿಹೋಗುವ ವಸ್ತುವಾಗಿತ್ತು. ಅದಕ್ಕೆ ವೆಲ್ವೆಟ್ಟಿನಂಥ ಮೈ ಇದೆ ಎಂದು ಅವತ್ತೇ ಗೊತ್ತಾಗಿದ್ದು.

ನನ್ನ ತಮ್ಮ ಉತ್ತರಾಖಂಡದಲ್ಲಿ ರಸ್ತೆ ಕೆಲಸದ ಸರ್ವೇಯರ್. ಮೇ ತಿಂಗಳಲ್ಲಿ ಮುನ್ಸ್ಯಾರಿ ಕಡೆಯಿಂದ ಒಂದು ಫೋಟೋ ಕಳಿಸಿದ. ದೊಡ್ಡ ಬಂಡೆಯ ಚಾಚಿನ ಕೆಳಗೆ ಸಾಲಾಗಿ ಐದಾರು ಹುಟ್ಟು. "ಅಕ್ಕಾ, ನಮ್ಮೂರ ಹೆಜ್ಜೇನು ಇಲ್ಲೂ ಇದೆ ನೋಡು" ಎಂದು ಬರೆದಿದ್ದ. ದೂರದ ಫೋಟೋ, ಹುಳ ಕಾಣುತ್ತಿರಲಿಲ್ಲ. ಆದರೆ ಅಷ್ಟು ಎತ್ತರದ ಚಳಿ ಜಾಗದಲ್ಲಿ ನಮ್ಮ ಹೆಜ್ಜೇನು ಇರುತ್ತದಾ ಎಂದು ಅನುಮಾನ ಬಂತು. ಇಂಥದೇ ಇನ್ನೊಂದು ಲೆನ್ಸ್ ಕೊಂಡು ಅವನಿಗೆ ಸ್ಪೀಡ್ ಪೋಸ್ಟ್ ಮಾಡಿದೆ. ಬಂಡೆ ಹತ್ತಿರ ಹೋಗಬೇಡ, ಕೆಳಗೆ ಸತ್ತು ಬಿದ್ದದ್ದು ಸಿಕ್ಕರೆ ಸ್ಕೇಲಿನ ಪಕ್ಕ ಇಟ್ಟು ತೆಗಿ ಎಂದು ಮೂರು ಸಲ ಹೇಳಿದೆ.

ಹದಿನೈದು ದಿನದ ಮೇಲೆ ಫೋಟೋ ಬಂತು. ಹೊಲಿಗೆ ಯಂತ್ರ ನಿಲ್ಲಿಸಿ ನೋಡಿದೆ. ಎದೆಯ ತುಂಬ ಉದ್ದ ಕೂದಲು, ಅದೂ ಕಪ್ಪಲ್ಲ, ಜೇನುತುಪ್ಪದ ಹೊಂಬಣ್ಣ. ಹೊಟ್ಟೆ ಕಪ್ಪು, ಅದರ ಮೇಲೆ ತೆಳ್ಳಗೆ ಬಿಳಿ ಗೆರೆ, ಕರಿ ಸೀರೆಗೆ ಬಿಳಿ ಅಂಚು ಕೊಟ್ಟ ಹಾಗೆ. ಕೇಸರಿ ಎಲ್ಲೂ ಇಲ್ಲ. ಸ್ಕೇಲಿನಲ್ಲಿ ಎರಡು ಸೆಂಟಿಮೀಟರ್ ದಾಟಿತ್ತು. ನನ್ನ ಫೋಟೋ ಪಕ್ಕ ಇಟ್ಟರೆ ಇವು ಎರಡೂ ಬೇರೆ ಎಂದು ಚಿಕ್ಕ ಮಗುವೂ ಹೇಳುತ್ತದೆ.

ಅದು ಹಿಮಾಲಯದ ಹೆಜ್ಜೇನು, ಏಪಿಸ್ ಲ್ಯಾಬೋರಿಯೋಸಾ. ನಮ್ಮದು ಏಪಿಸ್ ಡಾರ್ಸೇಟಾ. ಹಿಮಾಲಯದ್ದಕ್ಕೆ 1871ರಲ್ಲೇ ಫ್ರೆಡರಿಕ್ ಸ್ಮಿತ್ ಎಂಬುವರು ಹೆಸರು ಕೊಟ್ಟಿದ್ದರು. ಆಮೇಲೆ ಬಹಳ ಕಾಲ ಅದನ್ನು ನಮ್ಮ ಹೆಜ್ಜೇನಿನದೇ ಒಂದು ಬಗೆ ಎಂದು ಸೇರಿಸಿಬಿಟ್ಟಿದ್ದರು. 1980ರಲ್ಲಿ ಜಪಾನಿನ ಸಕಗಾಮಿ ಮತ್ತು ಜೊತೆಯವರು ಅದು ಬೇರೆ ಜಾತಿಯೇ ಎಂದು ಮತ್ತೆ ಎತ್ತಿ ಹೇಳಿದರು. ಪ್ರಪಂಚದ ಅತಿ ದೊಡ್ಡ ಜೇನುಹುಳ ಅದು. ನಮ್ಮದು ಮರ, ಟ್ಯಾಂಕು, ಕಟ್ಟಡ, ಬಂಡೆ ಎಲ್ಲೆಂದರಲ್ಲಿ ಕಟ್ಟುತ್ತದೆ. ಅದು ಕಟ್ಟುವುದು ಕಡಿದಾದ ಬಂಡೆಯ ಚಾಚಿನ ಕೆಳಗೆ. ಚಳಿ ಬಂದಾಗ ಹುಟ್ಟು ಬಿಟ್ಟು ಕೆಳಗಿನ ಕಣಿವೆಗೆ ಇಳಿಯುತ್ತದೆ. ಇಷ್ಟು ದೊಡ್ಡ ಹುಳ ಅಷ್ಟು ಕಾಲ ಇನ್ನೊಂದರ ಹೆಸರಿನಲ್ಲಿ ಬದುಕಿತಲ್ಲಾ ಎಂದು ನನಗೆ ನಿಜವಾಗಿ ಸಂಕಟವಾಯಿತು.

ಈಗ ಲೆನ್ಸಿನ ವಿಷಯಕ್ಕೆ ಬರುತ್ತೇನೆ. ಹುಳಕ್ಕೂ ಲೆನ್ಸಿಗೂ ನಡುವೆ ಎರಡು ಬೆರಳಿನಷ್ಟೇ ಜಾಗ ಸಿಗುತ್ತದೆ. ಅದಕ್ಕಿಂತ ದೂರ ಹೋದರೆ ಮಸುಕು. ಆದ್ದರಿಂದ ಜೀವಂತ ಹೆಜ್ಜೇನಿಗೆ ಇದನ್ನು ಹಿಡಿಯುವ ಯೋಚನೆಯೇ ಬೇಡ, ಜೀವ ಹೋಗುತ್ತದೆ. ಸತ್ತದ್ದನ್ನೂ ಕೈಯಲ್ಲಿ ಮುಟ್ಟಬೇಡಿ, ಚಿಮಟದಲ್ಲಿ ಎತ್ತಿ. ಮುಳ್ಳು ಆಗಲೂ ಚುಚ್ಚುತ್ತದೆ. ಫೋನಿನ ನೆರಳು ಹುಳದ ಮೇಲೆ ಬೀಳುತ್ತದೆ, ಅದಕ್ಕೆ ಪಕ್ಕದಿಂದ ಬೆಳಕು ಬೇಕು. ನಾನು ಕಿಟಕಿಗೆ ಡಿಸೈನ್ ಬರೆಯುವ ಟ್ರೇಸಿಂಗ್ ಪೇಪರ್ ಅಂಟಿಸಿ, ಅದರ ಮುಂದೆ ಇಡುತ್ತೇನೆ. ರೆಕ್ಕೆಯ ನರ ಕೂಡ ಎಣಿಸಬಹುದು. ಫೋಟೋದ ಅಂಚು ಮಾತ್ರ ಯಾವಾಗಲೂ ಮಸುಕೇ, ಹುಳ ನಡುವೆ ಇರಬೇಕು. ಫೋನಿಗೆ ಕವರ್ ಇದ್ದರೆ ಕ್ಲಿಪ್ ಜಾರುತ್ತದೆ, ತೆಗೆದು ಹಾಕಿ. ಮೂರು ಕ್ಯಾಮೆರಾ ಇರುವ ಫೋನಾದರೆ ಮುಖ್ಯ ಕ್ಯಾಮೆರಾಕ್ಕೇ ಕೂರಿಸಬೇಕು. ಕ್ಲಿಪ್ಪಿನ ರಬ್ಬರ್ ಎಂಟು ತಿಂಗಳಿಗೆ ಕಿತ್ತುಬಂತು, ಫೆವಿಕ್ವಿಕ್ ಹಾಕಿದ್ದೇನೆ. ಈ ಬೆಲೆಗೆ ಇದು ನನಗೆ ದೊಡ್ಡ ದೋಷ ಅನ್ನಿಸಿಲ್ಲ.

ಜೀವಂತ ಹುಳ ನೋಡಬೇಕಾದರೆ ಬೆಳಗಿನ ಜಾವ ತುಳಸಿ ಗಿಡದ ಹತ್ತಿರ ಹೋಗಿ. ನೀಲಿ ಪಟ್ಟೆಯ ಒಂಟಿ ಜೇನಿನ ಗಂಡುಗಳು ಒಣ ಕಡ್ಡಿಯನ್ನು ದವಡೆಯಲ್ಲಿ ಕಚ್ಚಿ ಹಿಡಿದು ಮಲಗಿರುತ್ತವೆ. ಬಿಸಿಲು ಏರುವ ತನಕ ಅಲುಗಾಡುವುದಿಲ್ಲ, ಆರಾಮಾಗಿ ಲೆನ್ಸ್ ಹಿಡಿಯಬಹುದು.

ತಮ್ಮ ದೀಪಾವಳಿಗೆ ಬರುತ್ತಾನೆ. ಆ ಹುಳವನ್ನು ಹತ್ತಿಯಲ್ಲಿ ಸುತ್ತಿ ಬೆಂಕಿಪೊಟ್ಟಣದಲ್ಲಿ ಇಟ್ಟಿದ್ದಾನಂತೆ. ನಮ್ಮ ಟ್ಯಾಂಕಿನದನ್ನು ನಾನೂ ಒಂದು ಗುಂಡಿ ಡಬ್ಬಿಯಲ್ಲಿ ಜೋಪಾನ ಮಾಡಿದ್ದೇನೆ. ಎರಡನ್ನೂ ಒಂದೇ ಟೇಪಿನ ಮೇಲೆ ಇಟ್ಟು ನೋಡಬೇಕು.