ಲ್ಯಾಪ್‌ಟಾಪ್ ಪದೇ ಪದೇ ಕೆಡುವುದು ಚಾರ್ಜರಿನಿಂದಲೇ? ನಾಲ್ಕು ಬಗೆಯ ಹೋಲಿಕೆ

ಲ್ಯಾಪ್‌ಟಾಪ್ ಎರಡನೇ ಸಲ ಕೈಕೊಟ್ಟರೆ ಸಾಕು, ತಪ್ಪೆಲ್ಲ ಬೇರೆ ಕಂಪನಿಯ ಚಾರ್ಜರಿನ ತಲೆಗೆ ಬರುತ್ತದೆ. ಆದರೆ ಚಾರ್ಜರ್ ಕೊಡುವ 19.5 ಅಥವಾ 20 ವೋಲ್ಟ್ ನೇರವಾಗಿ ಪ್ರೊಸೆಸರಿಗೆ ಹೋಗುವುದಿಲ್ಲ. ಜಾಕ್, ಮಾಸ್‌ಫೆಟ್ (ವಿದ್ಯುತ್ತನ್ನು ಬಿಡುವ, ತಡೆಯುವ ಪುಟ್ಟ ಸ್ವಿಚ್), ಚಾರ್ಜಿಂಗ್ ಐಸಿ (ಬ್ಯಾಟರಿ ತುಂಬುವುದನ್ನು ನೋಡಿಕೊಳ್ಳುವ ಚಿಪ್) ದಾಟಿದ ಮೇಲೆ ಮದರ್‌ಬೋರ್ಡಿನಲ್ಲೇ 5 ವೋಲ್ಟ್, 3.3 ವೋಲ್ಟ್, ಪ್ರೊಸೆಸರಿಗೆ ಸುಮಾರು 1 ವೋಲ್ಟ್ ಎಂದು ಇಳಿಯುತ್ತದೆ. ಹಾಗಾಗಿ ಕೆಟ್ಟ ಚಾರ್ಜರಿನ ಏಟು ಮೊದಲು ಬೀಳುವುದು ಬಾಗಿಲಿಗೇ: ಸುಟ್ಟ ಜಾಕ್, ಶಾರ್ಟ್ ಆದ ಮಾಸ್‌ಫೆಟ್ ಅಥವಾ ಕೆಪಾಸಿಟರ್, ಸತ್ತ ಚಾರ್ಜಿಂಗ್ ಐಸಿ. ಹಿಂಜ್ ಮುರಿದರೆ, ಕೀಬೋರ್ಡಿನ ಒಂದು ಸಾಲು ನಿಂತರೆ, ಫ್ಯಾನ್ ಕಿರುಗುಟ್ಟಿದರೆ ಚಾರ್ಜರನ್ನು ದೂರಿ ಪ್ರಯೋಜನವಿಲ್ಲ.

ಹೋಲಿಸುವಾಗ ಲೋಡ್, ಅಂದರೆ ಚಾರ್ಜರಿನ ಮೇಲೆ ಬೀಳುವ ಹೊರೆ, ಒಂದೇ ಇರಬೇಕು. ಬ್ಯಾಟರಿ 30 ಶೇಕಡಾಕ್ಕಿಂತ ಕೆಳಗಿರುವಾಗ ಚಾರ್ಜರ್ ಚುಚ್ಚಿ, ಪ್ರೊಸೆಸರಿಗೆ ಪೂರ್ತಿ ಕೆಲಸ ಕೊಟ್ಟು ಅರ್ಧ ಗಂಟೆ ಬಿಡಿ. ಹೊರೆ ಇಲ್ಲದಿರುವಾಗ ಎಲ್ಲ ಚಾರ್ಜರೂ ಸಾಧುವೇ.

ಮೂಲ ಕಂಪನಿಯದು ಈ ಅರ್ಧ ಗಂಟೆಯಲ್ಲಿ ಬಿಸಿಯಾಗುತ್ತದೆ, ಆದರೆ ಪಿನ್ ತಣ್ಣಗೇ ಇರುತ್ತದೆ. ಇದರ ದೌರ್ಬಲ್ಯ ವೈರಿನಲ್ಲಿದೆ. ಡೆಲ್ ಮತ್ತು ಎಚ್‌ಪಿಯ ದುಂಡು ಪಿನ್‌ಗಳ ನಡುವೆ ಸೂಜಿಯಂಥ ಇನ್ನೊಂದು ಪಿನ್ ಇದೆ. ಚಾರ್ಜರ್ ಎಷ್ಟು ವಾಟಿನದು ಎಂದು ಲ್ಯಾಪ್‌ಟಾಪಿಗೆ ತಿಳಿಯುವುದು ಅದರಿಂದ. ಪಿನ್ನಿನ ಬುಡದಲ್ಲಿ ವೈರ್ ಮಡಚಿ ಮಡಚಿ ಆ ಸೂಜಿಗೆ ಹೋಗುವ ಎಳೆ ತುಂಡಾದರೆ ಅಸಲಿ ಚಾರ್ಜರನ್ನೂ ಲ್ಯಾಪ್‌ಟಾಪ್ ಗುರುತಿಸುವುದಿಲ್ಲ: ದೀಪ ಉರಿಯುತ್ತದೆ, ಬ್ಯಾಟರಿ ಏರುವುದಿಲ್ಲ, ಯಂತ್ರ ಆಮೆಯಾಗುತ್ತದೆ. ಇದನ್ನೇ ಮದರ್‌ಬೋರ್ಡ್ ಹೋಯಿತೆಂದು ತಿಳಿದು ಬಿಚ್ಚಿಸುವವರು ಬಹಳ. ಬಿಚ್ಚುವ ಮೊದಲು ಬಯೋಸ್‌ನಲ್ಲಿ (ಯಂತ್ರ ಆನ್ ಆಗುವಾಗ ತೆರೆಯಬಹುದಾದ ಮೂಲ ಸೆಟ್ಟಿಂಗ್ ಪರದೆ) ಅಡಾಪ್ಟರ್ ಎಷ್ಟು ವಾಟ್ ಎಂದು ತೋರಿಸುತ್ತಿದೆಯೇ ನೋಡಿ.

ಅದೇ ಅಳತೆಯ ಪಿನ್ ಇರುವ ಬೇರೆ ಕಂಪನಿಯದರಲ್ಲಿ ಒಳ್ಳೆಯದೂ ಇದೆ, ಕಳಪೆಯೂ ಇದೆ. ಒಳ್ಳೆಯದು ಅಸಲಿಗೆ ಸರಿಸಮ. ಕಳಪೆಯದರಲ್ಲಿ ಉಳಿತಾಯ ಮಾಡುವುದು ವಿದ್ಯುತ್ತಿನ ಏರಿಳಿತವನ್ನು ಸಮ ಮಾಡುವ ಫಿಲ್ಟರ್ ಕೆಪಾಸಿಟರಿನಲ್ಲಿ, ವೈರಿನ ತಾಮ್ರದ ದಪ್ಪದಲ್ಲಿ. 65 ವಾಟಿಗೆ 19.5 ವೋಲ್ಟಿನಲ್ಲಿ 3.33 ಆಂಪಿಯರ್ ಹರಿಯಬೇಕು. ವೈರ್ ತೆಳುವಾದರೆ ವೋಲ್ಟೇಜ್ ಕುಸಿಯುತ್ತದೆ, ಪಿನ್ ಸಡಿಲವಿದ್ದರೆ ಜಾಕ್ ಕಾಯುತ್ತದೆ. ಪಿನ್ನಿನ ಸುತ್ತಲಿನ ಪ್ಲಾಸ್ಟಿಕ್ ಹಳದಿಯಾಗಿ, ಲೋಹ ಕಪ್ಪಾಗಿದ್ದರೆ ಅದೇ ಸಾಕ್ಷಿ. ಟಚ್‌ಪ್ಯಾಡ್ ಚಾರ್ಜಿಗೆ ಹಾಕಿದಾಗ ಮಾತ್ರ ಕುಣಿಯುವುದು ನಾಯ್ಸ್‌ನ, ಅಂದರೆ ಸಮವಾಗದೆ ಉಳಿದ ಆ ಏರಿಳಿತದ ಗುರುತು. ಲೋಹದ ಮೈ ಮುಟ್ಟಿದರೆ ಜುಮ್ಮೆನ್ನುವುದು ಮಾತ್ರ ಎರಡು ಪಿನ್ನಿನ ಪ್ಲಗ್ ಇರುವ ಅಸಲಿಯಲ್ಲೂ ಆಗುತ್ತದೆ. ಅರ್ತ್ ಇರುವ ಮೂರು ಪಿನ್ನಿನದು ಹಾಕಿದರೆ ಸಾಮಾನ್ಯವಾಗಿ ನಿಲ್ಲುತ್ತದೆ. ಶಾಕ್ ಜೋರಾಗಿ ಹೊಡೆದರೆ ಆ ಚಾರ್ಜರನ್ನು ಮತ್ತೆ ಚುಚ್ಚಲೇಬೇಡಿ.

ವೋಲ್ಟೇಜ್ ಬದಲಿಸುವ ಸ್ವಿಚ್ ಮತ್ತು ಹತ್ತು ಬಗೆಯ ತುದಿಗಳಿರುವ ಯೂನಿವರ್ಸಲ್ ಚಾರ್ಜರನ್ನು ಯಾರಿಗೂ ಶಿಫಾರಸು ಮಾಡಲಾರೆ. ಸ್ವಿಚ್ ಕೈತಾಗಿ 19ರಿಂದ 24ಕ್ಕೆ ಸರಿದರೆ ತಡೆಯುವವರಿಲ್ಲ. ಬದಲಿಸುವ ತುದಿ ಎಂದರೆ ಇನ್ನೊಂದು ಸಡಿಲ ಜೋಡಣೆ.

ಯುಎಸ್‌ಬಿ ಸಿ ಪಿಡಿ (ಪವರ್ ಡೆಲಿವರಿ) ಚಾರ್ಜರ್ ಬೇರೆ ಜಾತಿಯದು. ಮೊದಲು 5 ವೋಲ್ಟ್ ಮಾತ್ರ ಕೊಡುತ್ತದೆ. ಲ್ಯಾಪ್‌ಟಾಪ್ ಕೇಳಿದ ಮೇಲೆಯೇ 9, 15, 20ಕ್ಕೆ ಏರುತ್ತದೆ. ತಪ್ಪು ವೋಲ್ಟೇಜಿನ ಭಯ ಇಲ್ಲಿ ತೀರಾ ಕಡಿಮೆ, ಹೀಗಾಗಿ ಪೋರ್ಟ್ ಇದ್ದವರಿಗೆ ನನ್ನ ಆಯ್ಕೆ ಇದೇ. ಎಡವುವುದು ಕೇಬಲಿನಲ್ಲಿ: ಸಾಮಾನ್ಯ ಕೇಬಲ್ 3 ಆಂಪಿಯರ್, ಅಂದರೆ 60 ವಾಟ್ ಮಾತ್ರ. ಅದಕ್ಕೂ ಮೇಲೆ ಬೇಕಾದರೆ 5 ಆಂಪಿಯರಿನ, ಒಳಗೆ ಗುರುತಿನ ಚಿಪ್ ಇರುವ ಕೇಬಲ್ಲೇ ಬೇಕು. ಇನ್ನೊಂದು ಎಚ್ಚರಿಕೆ: ಈ ಪೋರ್ಟಿನಲ್ಲಿ 20 ವೋಲ್ಟ್ ಹರಿಯುವ ಪಿನ್ನಿನ ಮಗ್ಗುಲಲ್ಲೇ ಮಾತುಕತೆ ನಡೆಸುವ ಸಿಸಿ ಪಿನ್ ಇದೆ. ಕೊಳೆ ಸೇರಿದರೆ, ಓರೆಯಾಗಿ ಎಳೆದರೆ ಇವೆರಡೂ ತಾಗಿ ಪಿಡಿ ಚಿಪ್ ಸಾಯಬಹುದು. ಕೇಬಲಿಗೆ ಹಾಕುವ, ಅಂಟಿ ಬಿಡುವ ಮ್ಯಾಗ್ನೆಟ್ ತುದಿಗಳನ್ನು ಬೇಡವೆನ್ನುವುದು ಇದಕ್ಕೇ.

ವಾಟ್ ಹೆಚ್ಚಿದ್ದರೆ ತೊಂದರೆಯಿಲ್ಲ. ಲ್ಯಾಪ್‌ಟಾಪ್ ತನಗೆ ಬೇಕಾದಷ್ಟೇ ಎಳೆದುಕೊಳ್ಳುತ್ತದೆ. ವೋಲ್ಟೇಜ್ ಮಾತ್ರ ಹೊಂದಲೇಬೇಕು. ದುಂಡು ಪಿನ್ನಿನದಾದರೆ ಮಲ್ಟಿಮೀಟರಿನ ಕೆಂಪು ಮೊನೆ ಒಳಗೋಡೆಗೆ, ಕಪ್ಪು ಹೊರಮೈಗೆ ಹಿಡಿದು ನೋಡಿ, 19.5ರದು 18.5ರಿಂದ 20.5ರೊಳಗೆ ಇರಬೇಕು. ನಡುವಿನ ಸೂಜಿಗೆ ಮೊನೆ ತಾಗಿಸಬೇಡಿ.

ಚುಚ್ಚಿದೊಡನೆ ಅಡಾಪ್ಟರಿನ ದೀಪವೇ ಆರಿದರೆ, ತೆಗೆದಾಗ ಮತ್ತೆ ಹತ್ತಿದರೆ, ಶಾರ್ಟ್ ಇರುವುದು ಸಾಮಾನ್ಯವಾಗಿ ಲ್ಯಾಪ್‌ಟಾಪಿನಲ್ಲಿ. ಹೊಸ ಚಾರ್ಜರ್ ತಂದರೂ ಆ ಶಾರ್ಟ್ ಹಾಗೇ ಉಳಿಯುತ್ತದೆ. ಜಾಕ್ ಬಳಿಯ ಕೆಪಾಸಿಟರ್, ಮಾಸ್‌ಫೆಟ್‌ಗಳಿಂದ ಹುಡುಕಲು ಶುರುಮಾಡಬೇಕು.