ಬೀದರ್ ಕಡೆ ತೋಟದ ಮನೆ ಬುಕ್ ಮಾಡುವ ಮೊದಲು ಇದನ್ನು ಓದಿ

ನನ್ನ 5 ಸಾವಿರ ಡಿಪಾಜಿಟ್ ಹೋಯಿತು. ನಿಮ್ಮದಾದರೂ ಉಳಿಯಲಿ ಅಂತ ಬರೆಯುತ್ತಿದ್ದೇನೆ.

ಅಕ್ಕನ ಮನೆ ಹೈದರಾಬಾದಿನಲ್ಲಿ, ನಮ್ಮದು ಕಲಬುರಗಿಯಲ್ಲಿ. ಮಾರ್ಚ್ ಕೊನೆಯ ಶನಿವಾರ, ಭಾನುವಾರ ಎರಡೂ ಮನೆಯವರು ಸೇರೋಣ ಅಂತ ಬೀದರ್ ಆರಿಸಿದೆವು. ಅವರಿಗೆ ಸುಮಾರು 140 ಕಿಲೋಮೀಟರ್, ನಮಗೆ ಹುಮನಾಬಾದ್ ಮೇಲಿಂದ ಇನ್ನೂ ಕಡಿಮೆ. ಊರ ಹೊರಗೆ, ಕಟಾವಾದ ತೊಗರಿ ಹೊಲಗಳ ನಡುವೆ ಒಂದು ತೋಟದ ಮನೆ ಫೋನಿನಲ್ಲಿ ಸಿಕ್ಕಿತು. ಫೋಟೋದಲ್ಲಿ ನೀಲಿ ಈಜುಕೊಳ, ಜೋಕಾಲಿ, ಎಲ್ಲ ಇತ್ತು. ಬಾಡಿಗೆ 9 ಸಾವಿರ, ಡಿಪಾಜಿಟ್ 5 ಸಾವಿರ, ಎರಡೂ ಮೊದಲೇ ಹಾಕಬೇಕು. ಹಾಕಿದೆ. ಮಾತೆಲ್ಲ ಫೋನಿನಲ್ಲೇ ಮುಗಿಯಿತು. ಬರವಣಿಗೆಯಲ್ಲಿ ಒಂದಕ್ಷರ ಇಲ್ಲ.

ಹೋಗಿ ನೋಡಿದರೆ ಕೊಳದಲ್ಲಿ ಮೊಣಕಾಲುದ್ದ ಹಸಿರು ನೀರು. ಕಾವಲಿನ ಹುಡುಗ ಬಂದ. “ಬೋರಿನಾಗ ನೀರಿಲ್ರಿ ಸರ್. ಟ್ಯಾಂಕರ್ ಬೇಕಂದ್ರ ಎರಡು ಸಾವಿರ ಬ್ಯಾರೆ ಆಗ್ತದ್ರಿ” ಅಂದ. ಬರುವಾಗ ನೌಬಾದಿನ ಹತ್ತಿರ ಸುರಂಗ ಬಾವಿಯ ಬಗ್ಗೆ ಮಗನಿಗೆ ದೊಡ್ಡ ಪಾಠ ಮಾಡಿದ್ದೆ. ಬಹಮನಿ ಕಾಲದಲ್ಲಿ ಜಂಬಿಟ್ಟಿಗೆ ಕಲ್ಲು ಕೊರೆದು, ಬರೀ ಇಳಿಜಾರಿನ ಮೇಲೆ ನೆಲದೊಳಗೆ ನೀರು ಹರಿಸಿದ್ದರು, ಪಂಪಿಲ್ಲ, ಕರೆಂಟಿಲ್ಲ ಅಂತ. ಕೊಳ ನೋಡಿ ಅವನು ಕೇಳಿದ: “ಅಪ್ಪಾ, ಇವರಿಗೆ ಸುರಂಗ ತೋಡಾಕ ಬರಂಗಿಲ್ಲೇನು?”

ಟ್ಯಾಂಕರ್ ತರಿಸಲಿಲ್ಲ. ರಾತ್ರಿ ಎರಡು ತಾಸು ಕರೆಂಟ್ ಹೋಯಿತು, ಜನರೇಟರ್ ಹಾಕಿದರು. ಅಕ್ಕ ತಂದಿದ್ದ ರೊಟ್ಟಿ, ಶೇಂಗಾ ಹಿಂಡಿ ತಿಂದು ಮಲಗಿದೆವು. ಇಲ್ಲಿತನಕ ಸಹಿಸಿಕೊಂಡಿದ್ದೆ.

ಬೆಳಿಗ್ಗೆ ಹೊರಡುವಾಗ ಒಂದು ಚೀಟಿ ಬಂತು. ಜನರೇಟರ್ 1,000. ಸಿಲಿಂಡರ್ 800. ಸಫಾಯಿ 1,200. ಬಚ್ಚಲಿನ ನಲ್ಲಿ ಮುರಿದದ್ದಕ್ಕೆ 1,500. ಹನ್ನೊಂದನೇ ಮನುಷ್ಯನಿಗೆ 500. ಹನ್ನೊಂದನೆಯವನು ಅಂದರೆ ಅಕ್ಕನ ಮೊಮ್ಮಗ, ಎರಡು ವರ್ಷದ ಕೂಸು! ಕೂಡಿಸಿದರೆ ಸರಿಯಾಗಿ 5 ಸಾವಿರ. ಮೊತ್ತ ಮೊದಲು ಬರೆದು, ಬಾಬ್ತು ಆಮೇಲೆ ಹುಡುಕಿದ ಹಾಗಿತ್ತು. ಆ ನಲ್ಲಿಗೆ ನಾವು ಹೋದಾಗಲೇ ಬಟ್ಟೆ ಸುತ್ತಿತ್ತು. ಆದರೆ ಫೋಟೋ ಯಾರು ತೆಗೆದಿದ್ದರು? ಮಾಲೀಕ ಒಂದು ಸಲ ಫೋನ್ ಎತ್ತಿದ, ಆಮೇಲೆ ಎತ್ತಲೇ ಇಲ್ಲ. ಹುಡುಗನ ಮೇಲೆ ಕೂಗಾಡಿ ಏನು ಬಂತು, ಅವನೂ ಸಂಬಳದವನೇ ಅಲ್ವಾ.

ಊರಿಗೆ ಬಂದು ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿದೆ. ದಾಖಲೆ ಕೇಳಿದರು. ನನ್ನ ಹತ್ತಿರ ಇದ್ದದ್ದು ಹಣ ಹಾಕಿದ ಸ್ಕ್ರೀನ್‌ಶಾಟ್ ಒಂದೇ.

ಹಾಗಾಗಿ ನೀವು ಬುಕ್ ಮಾಡುವಾಗ ವಿಡಿಯೋ ಕಾಲ್‌ನಲ್ಲಿ ಅವತ್ತಿನ ಕೊಳ ತೋರಿಸಿ ಅನ್ನಿ. ಕೊಳ ಎಷ್ಟು ದೊಡ್ಡದು ಅಂತ ಕೇಳಬೇಡಿ, ಬೋರಿನಲ್ಲಿ ನೀರಿದೆಯಾ ಅಂತ ಕೇಳಿ. ಕೂಸುಗಳನ್ನೂ ಸೇರಿಸಿ ಎಷ್ಟು ಜನ, ಗ್ಯಾಸ್, ಜನರೇಟರ್, ಸಫಾಯಿ ಬಾಡಿಗೆಯೊಳಗೇ ಬರುತ್ತದಾ, ಎಲ್ಲವನ್ನೂ ವಾಟ್ಸಾಪ್‌ನಲ್ಲಿ ಬರೆದು ‘ಹೌದು’ ಅನ್ನಿಸಿಕೊಳ್ಳಿ. ಒಳಗೆ ಕಾಲಿಟ್ಟ ಕೂಡಲೇ, ಬ್ಯಾಗ್ ಇಳಿಸುವ ಮೊದಲು, ಬಚ್ಚಲು ಸಮೇತ ವಿಡಿಯೋ ಮಾಡಿ ಮಾಲೀಕನಿಗೇ ಕಳಿಸಿ. ಡಿಪಾಜಿಟ್ ಗೇಟಿನ ಹತ್ತಿರ ಬಂದ ಮೇಲೆ ಕೊಡ್ತೀನಿ ಅನ್ನಿ. ಒಪ್ಪದಿದ್ದರೆ ಬಿಟ್ಟುಬಿಡಿ, ಊರೊಳಗೆ ಲಾಡ್ಜ್ ಇವೆ. ಕೋಟೆ, ಅಷ್ಟೂರಿನ ಗುಮ್ಮಟ ನೋಡಲಿಕ್ಕೆ ಅದೇ ಅನುಕೂಲ. ಮಕ್ಕಳಿಗೆ ನೀರೇ ಬೇಕಂದರೆ ಝರಣಿ ನರಸಿಂಹನ ಗುಹೆ ಇದೆ. ಎದೆಮಟ್ಟದ ನೀರಿನಲ್ಲಿ ನಡೆದು ಹೋಗಬೇಕು, ಸಣ್ಣವರನ್ನು ಹೆಗಲ ಮೇಲೆ ಕೂರಿಸಿಕೊಳ್ಳಬೇಕು. ತೆರೆದಿದೆಯಾ ಅಂತ ಮೊದಲೇ ಕೇಳಿಕೊಳ್ಳಿ.

ಆ ಭಾನುವಾರ ಸಿಟ್ಟಿನಲ್ಲೇ ಅಲ್ಲಿಂದ ಹೊರಟು ನಾನಕ್ ಝೀರಾ ಗುರುದ್ವಾರಕ್ಕೆ ಹೋದೆವು. ತಲೆಗೆ ಬಟ್ಟೆ ಕಟ್ಟಿ ಲಂಗರಿನಲ್ಲಿ ಸಾಲಾಗಿ ಕೂತೆವು. ರೊಟ್ಟಿ, ದಾಲ್ ಬಡಿಸುತ್ತ ಬಂದ ಅಜ್ಜ ಕೂಸಿನ ಮುಂದೆಯೂ ಒಂದು ತಟ್ಟೆ ಇಟ್ಟರು. “ಇವನೇ ಹನ್ನೊಂದನೆಯವನು” ಅಂದಳು ಅಕ್ಕ. ಅವರಿಗೆ ಕನ್ನಡ ತಿಳಿಯಲಿಲ್ಲ, ನಕ್ಕು ಇನ್ನೊಂದು ರೊಟ್ಟಿ ಹಾಕಿದರು.